ಅಕ್ಕೋರ ಉಸಿರಿನಲ್ಲಿ ಹಾಡಿದ ವರ್ಷಗಳು

ನಮ್ಮ ಮನೆ ಕಂಪ್ಲಿಯಲ್ಲಿ. ಅಪ್ಪನ ಅಕ್ಕಿ ಗಿರಣಿ ಮನೆಗೆ ಹೊಂದಿಕೊಂಡೇ ಇದೆ, ನಡುವೆ ಒಂದು ಗೋಡೆ ಅಷ್ಟೆ. ಸುಗ್ಗಿ ಬಂತೆಂದರೆ ಬೆಳಿಗ್ಗೆ ಶುರುವಾದ ಮೋಟಾರು ಸಂಜೆಯ ತನಕ ನಿಲ್ಲುತ್ತಿರಲಿಲ್ಲ. ಆ ಸದ್ದಿನಲ್ಲಿ ಬೆಳೆದ ನಮಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ. ಊಟಕ್ಕೆ ಕೂತಾಗ ಉಪ್ಪು ಕೇಳುವುದಕ್ಕೂ ಗಂಟಲೆತ್ತುತ್ತೇವೆ. ನಾನು ಹಾಡುತ್ತಿದ್ದದ್ದೂ ಹಾಗೇ. ಮಠದ ಭಜನೆಯಲ್ಲಿ ಮೈಕಿಲ್ಲದೆ ಹೊರಗಿನ ಕಟ್ಟೆಯ ತನಕ ಕೇಳಿಸುವ ಹುಡುಗಿ ಎಂದು ನನ್ನನ್ನು ಹೊಗಳುತ್ತಿದ್ದರು. ಆ ಹೊಗಳಿಕೆ ಕೇಳಿ ಕೇಳಿಯೇ ಅಪ್ಪ, ನಾನು ಪಿಯುಸಿ ಮುಗಿಸಿದ ಬೇಸಿಗೆಯಲ್ಲಿ, ಹೊಸಪೇಟೆಯ ಅಕ್ಕೋರ ಮನೆಗೆ ನನ್ನನ್ನು ಕರೆದುಕೊಂಡು ಹೋದದ್ದು.

ಅಕ್ಕೋರು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ನಮ್ಮ ಕಡೆ ಹೆಣ್ಣು ಟೀಚರನ್ನು ಹಾಗೇ ಕರೆಯುವುದು. ಇಡೀ ಓಣಿಗೇ ಅವರು ಅಕ್ಕೋರು. ಚಿಕ್ಕ ವಯಸ್ಸಿನಲ್ಲಿ ಧಾರವಾಡದಲ್ಲಿ ಗುರುಗಳ ಮನೆಯಲ್ಲೇ ಇದ್ದು ಹಿಂದುಸ್ತಾನಿ ಗಾಯನ ಕಲಿತು, ಮದುವೆಯಾಗಿ ಹೊಸಪೇಟೆಗೆ ಬಂದಿದ್ದರು. ಕಾಲುವೆ ಪಕ್ಕದ ಓಣಿಯಲ್ಲಿ ಮನೆ. ಕೆಳಗೆ ಬಾಡಿಗೆಯವರು, ಮೇಲೆ ಅಕ್ಕೋರು ಮತ್ತು ಅವರ ಯಜಮಾನರು. ಯಜಮಾನರು ಡ್ಯಾಮಿನ ಕಚೇರಿಯಲ್ಲಿ ದುಡಿದವರು. ಪಾಠ ನಡೆಯುವಾಗ ಅಡುಗೆಮನೆ ಅವರ ವಶದಲ್ಲಿರುತ್ತಿತ್ತು.

ಮೊದಲ ದಿನ ಅಕ್ಕೋರು, “ನಿಂಗ ಬರೋದು ಯಾವ್ದರ ಹಾಡು,” ಅಂದರು. ನಾನು ಒಂದು ಭಜನೆ ಪದ ಹಾಡಿದೆ. ಮುಗಿಸಿದಾಗ ಯಜಮಾನರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದರು. ಅಕ್ಕೋರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

“ತಂಗಿ, ಇದು ಗಿರಣಿ ಅಲ್ಲ. ನಾ ಇಲ್ಲೇ ಎದುರಿಗೇ ಕುಂತೀನಿ.”

ಎಲ್ಲರಿಗಿಂತ ಜೋರಾಗಿ ನಕ್ಕವನು ಅಪ್ಪ. ಅವನ ನಗು ಕೇಳಿ ಅಕ್ಕೋರಿಗೆ ನನ್ನ ಗಂಟಲು ಎಲ್ಲಿಂದ ಬಂತೆಂದು ಗೊತ್ತಾಗಿರಬೇಕು.

ಡಿಗ್ರಿಗೆ ಹೊಸಪೇಟೆಯಲ್ಲೇ ಸೇರಿದೆ. ಕಾಲೇಜು ಮುಗಿಸಿ ಮಧ್ಯಾಹ್ನ ಅಕ್ಕೋರ ಮನೆ, ಸಂಜೆ ಕಂಪ್ಲಿ ಬಸ್ಸು. ಮೊದಲ ಮಳೆಗಾಲವಿಡೀ ಷಡ್ಜ ಬಿಟ್ಟು ಬೇರೆ ಏನನ್ನೂ ಅವರು ಹಾಡಿಸಲಿಲ್ಲ. ಭಜನೆಯಲ್ಲಿ ನಾನು ಹಿಡಿಯುತ್ತಿದ್ದ ಶ್ರುತಿಯನ್ನು ಹಾರ್ಮೋನಿಯಂ ಲೆಕ್ಕದಲ್ಲಿ ಒಂದು ಮನೆ ಕೆಳಗಿಳಿಸಿದರು. “ಹೊಡಿಬ್ಯಾಡ ಸ್ವರಾನ. ತಂಬೂರಿ ಮ್ಯಾಲೆ ಇಡು, ಸಾಕು,” ಅನ್ನುತ್ತಿದ್ದರು. ಇಡುವುದು ಹೇಗೆಂದು ನನಗೆ ತಿಳಿಯುತ್ತಿರಲಿಲ್ಲ. ನಾನು ಕೂಗುತ್ತಿದ್ದೆ, ಅವರು ಕೈ ಎತ್ತಿ ನಿಲ್ಲಿಸುತ್ತಿದ್ದರು, ತಂಬೂರಿ ಮೀಟುತ್ತಾ ತಾವೇ ಒಮ್ಮೆ ಹಾಡಿ ತೋರಿಸುತ್ತಿದ್ದರು. ನಾನು ಅವರ ಬಾಯಿ ನೋಡುತ್ತಿದ್ದೆ, ಕತ್ತು ನೋಡುತ್ತಿದ್ದೆ, ಅವರ ಹಾಗೇ ಕೂತು ಅವರ ಹಾಗೇ ಹಾಡಲು ನೋಡುತ್ತಿದ್ದೆ. ಕಲಿಯಲು ನನಗೆ ಬೇರೆ ದಾರಿ ಗೊತ್ತಿರಲಿಲ್ಲ.

ಪಾಠ ಮಧ್ಯಾಹ್ನ ಇಳಿಯುವ ಹೊತ್ತಿಗೆ ಆಗುತ್ತಿದ್ದರಿಂದ ಆ ಹೊತ್ತಿನ ರಾಗವಾದ ಭೀಮಪಲಾಸಿಯನ್ನೇ ನಾನು ಎಲ್ಲಕ್ಕಿಂತ ಹೆಚ್ಚು ಕಲಿತೆ. ಅಕ್ಕೋರು ಹಾಡುವ ರೀತಿ ಬಹಳ ನಿಧಾನದ್ದು. ಬೇರೆಯವರು ಸುರಿಮಳೆಯಂತೆ ವೇಗದ ತಾನ್‌ಗಳನ್ನು ಹೊಡೆಯುವ ಜಾಗದಲ್ಲಿ ಇವರು ಒಂದೇ ಮಧ್ಯಮವನ್ನು ಹಿಡಿದು ಕೂತಿರುತ್ತಿದ್ದರು. ಗಾಂಧಾರವನ್ನು ತಟಕ್ಕನೆ ಮುಟ್ಟುತ್ತಿರಲಿಲ್ಲ, ಮಧ್ಯಮದಿಂದ ಜಾರಿಸಿ ತರುತ್ತಿದ್ದರು. ಮೇಲಿನ ಷಡ್ಜಕ್ಕೆ ಹೋಗುವುದರಲ್ಲಿ ಅವರದೇ ಒಂದು ಬಗೆಯಿತ್ತು. ಮಧ್ಯಮ, ಪಂಚಮ ಹತ್ತಿ, ಷಡ್ಜಕ್ಕೆ ಒಂದೇ ಮೆಟ್ಟಿಲು ಕೆಳಗಿನ ನಿಷಾದಕ್ಕೆ ಬಂದು ಸುಮ್ಮನಾಗಿಬಿಡುತ್ತಿದ್ದರು. ಬರೀ ತಂಬೂರಿ ಕೇಳುತ್ತಿತ್ತು. ಈಗ ಬರುತ್ತದೆ, ಈಗ ಬರುತ್ತದೆ ಎಂದು ಕೇಳುವವರು ಕಾಯುತ್ತಿದ್ದರು. ಆಮೇಲೆ ಷಡ್ಜ ಬರುತ್ತಿತ್ತು, ತೀರಾ ಮೆತ್ತಗೆ. ಹೊಸಪೇಟೆಯಲ್ಲಿ ಸಂಗೀತ ಕೇಳುವವರೆಲ್ಲ ಅಕ್ಕೋರ ಆ ಮೌನದ ಬಗ್ಗೆ ಮಾತಾಡುತ್ತಿದ್ದರು.

ನನಗೆ ಅದೆಲ್ಲ ಬಂತು. ಎಷ್ಟು ಬಂತೆಂದರೆ ಮನೆಯಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಹಾಡುತ್ತಿದ್ದರೆ ಅವ್ವ ಹೊರಗಿನಿಂದ, “ಫೋನ್ಯಾಗ ಅಕ್ಕೋರ ಹಾಡು ಹಚ್ಚಿಯೇನು?” ಎಂದು ಕೇಳುತ್ತಿದ್ದಳು. ಹಾಡುವಾಗ ಎಡಗೈ ಬೆರಳುಗಳನ್ನು ಮಡಚುವುದು, ಆಲಾಪಕ್ಕೆ ಮುಂಚೆ ಒಮ್ಮೆ ಕೆಳಗೆ ನೋಡುವುದು, ಎಲ್ಲಾ ಅವರದೇ. ಕಂಪ್ಲಿ ಬಸ್ಸಿನಲ್ಲಿ, ಕಮಲಾಪುರ ದಾಟಿ ಬಾಳೆತೋಟಗಳ ನಡುವೆ ಹೋಗುವಾಗ, ಕಿಟಕಿಗೆ ತಲೆಯಾನಿಸಿ ಗುನುಗಿಕೊಳ್ಳುತ್ತಾ ನಾನೇ ಅಕ್ಕೋರು ಅಂದುಕೊಳ್ಳುತ್ತಿದ್ದೆ. ಅಷ್ಟು ಸಂತೋಷವಾಗಿ ನಾನು ಆಮೇಲೆಯೂ ಬಹಳ ಸಲ ಇದ್ದದ್ದಿಲ್ಲ.

ಡಿಗ್ರಿ ಮುಗಿದ ವರ್ಷ, ಶ್ರಾವಣದ ಒಂದು ಸೋಮವಾರ, ಕಂಪ್ಲಿಯ ಮಠದಲ್ಲಿ ನನ್ನ ಹಾಡು ಇಟ್ಟರು. ಮಧ್ಯಾಹ್ನದ ಪ್ರಸಾದ ಆದ ಮೇಲೆ, ಸಂಜೆಯ ಪ್ರವಚನಕ್ಕೆ ಮುಂಚೆ. ತಬಲಾಕ್ಕೆ ಹೊಸಪೇಟೆಯ ಕಾಕಾ ಬಂದಿದ್ದರು. ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುವ ಅಂಗಡಿ ಅವರದು, ಅಕ್ಕೋರಿಗೆ ಅವರೇ ಕಾಯಂ ತಬಲಾ. ಅಪ್ಪ ಕಾರು ಕಳಿಸಿ ಅಕ್ಕೋರನ್ನೂ ಕರೆಸಿದ್ದ. ನಾನು ಭೀಮಪಲಾಸಿಯನ್ನೇ ಹಾಡಿದೆ. ನಿಷಾದಕ್ಕೆ ಬಂದು ನಿಂತೆ, ಜನ ಕಾದರು, ಷಡ್ಜ ಇಟ್ಟೆ. ಮಠದ ಜಗಲಿಯಿಂದ ಯಾರೋ “ಆಹಾ” ಅಂದರು.

ಮುಗಿದ ಮೇಲೆ ತಬಲಾ ಕಾಕಾ ಅಪ್ಪನ ಕೈ ಹಿಡಿದು ಹೇಳಿದರು: “ಕಣ್ಣು ಮುಚ್ಚಿ ಕೇಳಿದ್ರ ಅಕ್ಕೋರ ಹಾಡಿದಂಗ ಐತ್ರಿ. ಒಂದು ಕೂದಲೆಳಿ ಫರಕ್ ಇಲ್ಲ.”

ಅಪ್ಪನ ಮುಖ ಅರಳಿತು. ನಾನು ಅಕ್ಕೋರ ಕಡೆ ನೋಡಿದೆ. ಅವರು ನೀರಿನ ಲೋಟ ಹಿಡಿದು ಕೂತಿದ್ದರು, ಕುಡಿದಿರಲಿಲ್ಲ. ನಾನು ಕಾಲಿಗೆರಗಿದಾಗ ತಲೆ ಮುಟ್ಟಿ, “ನಾಳೆ ಬಾ,” ಅಂದರು ಅಷ್ಟೆ.

ಮಾರನೇ ದಿನ ಹೋದೆ. ತಂಬೂರಿ ಶ್ರುತಿ ಮಾಡಿ ಇಟ್ಟಿದ್ದರು.

“ನಿನ್ನೆ ಹಾಡಿದ್ದು ಇನ್ನೊಮ್ಮೆ ಹಾಡು.”

ಹಾಡಿದೆ. ನಿಷಾದದಲ್ಲಿ ನಿಂತೆ. ಅವರ ಕೈ ಮೇಲೆದ್ದಿತು.

“ಇಲ್ಲಿ ಯಾಕ ನಿಂತಿ?”

“ನೀವು ಅಲ್ಲೇ ನಿಲ್ತೀರಲ್ರಿ ಅಕ್ಕೋರೇ.”

“ನಾ ಯಾಕ ನಿಲ್ತೀನಿ, ಗೊತ್ತೈತೇನು?”

ನಾನು ಅದಕ್ಕೊಂದು ಉತ್ತರ ಇಟ್ಟುಕೊಂಡಿದ್ದೆ. ಷಡ್ಜ ಬರುತ್ತದೆಂದು ಕೇಳುವವರು ಕಾಯಲಿ ಅಂತ, ಕಾದು ಬಂದ ಸ್ವರಕ್ಕೆ ಬೇರೆಯದೇ ರುಚಿ ಅಂತ, ಏನೇನೋ ಹೇಳಿದೆ. ಅಕ್ಕೋರು ಪೂರ್ತಿ ಕೇಳಿಸಿಕೊಂಡು ನಕ್ಕರು.

“ಭಾಳ ಚೊಲೋ ಹೇಳಿದಿ. ಈಗ ನೋಡು.”

ತಂಬೂರಿ ತಮ್ಮ ಕಡೆ ಎಳೆದುಕೊಂಡು ಮಧ್ಯಮದಿಂದ ಶುರು ಮಾಡಿದರು. ಪಂಚಮ, ನಿಷಾದ. ಈ ಸಲ ನಿಲ್ಲಲಿಲ್ಲ, ಒಂದೇ ಉಸಿರಿಗೆ ಷಡ್ಜಕ್ಕೆ ಹೋದರು. ಧ್ವನಿ ಷಡ್ಜ ಮುಟ್ಟಿತು, ಮುಟ್ಟಿದ್ದೇ ಒಡೆಯಿತು. ಕೆಮ್ಮು ಹತ್ತಿತು. ಕೆಮ್ಮುತ್ತಾ ಕೆಮ್ಮುತ್ತಾ ಅವರು ನೆಲಕ್ಕೆ ಕೈಯೂರಿದರು, ಎದೆಯಿಂದ ಸಿಳ್ಳೆಯ ಹಾಗೆ ಸದ್ದು ಬರುತ್ತಿತ್ತು. ನಾನು ತಂಬೂರಿ ಬೀಳದಂತೆ ಹಿಡಿದುಕೊಂಡೆ, ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಯಜಮಾನರು ಅಡುಗೆಮನೆಯಿಂದ ಓಡಿಬಂದು ಜೇಬಿನಿಂದ ಉಸಿರಿಗೆ ಎಳೆದುಕೊಳ್ಳುವ ಒಂದು ಪಂಪು ತೆಗೆದು ಅವರ ಬಾಯಿಗಿಟ್ಟರು. ಅದನ್ನು ಎಷ್ಟೋ ವರ್ಷದಿಂದ ಅವರು ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು, ನಾನು ನೋಡಿದ್ದು ಅವತ್ತೇ.

ಉಸಿರು ಹತೋಟಿಗೆ ಬಂದ ಮೇಲೆ ಅಕ್ಕೋರು ಗೋಡೆಗೆ ಒರಗಿ ಕೂತರು.

“ನೋಡಿದ್ಯಾ? ಸಾಲಂಗಿಲ್ಲ. ಅದಕ್ಕ ಅಲ್ಲಿ ನಿಲ್ತೀನಿ, ಉಸಿರು ತಗೋತೀನಿ, ಆಮ್ಯಾಲೆ ಹೋಗ್ತೀನಿ. ನೀ ನನ್ನ ಉಬ್ಬಸಾನೂ ಕಲತಿ, ತಂಗಿ.”

ನಾನು ಹಿಡಿದಿದ್ದ ತಂಬೂರಿಯನ್ನು ಮೆಲ್ಲಗೆ ಕೆಳಗಿಟ್ಟೆ.

“ಧಾರವಾಡದಾಗ ಇದ್ದಾಗ ಷಡ್ಜಕ್ಕ ಹೋದ್ರ ಇಳೀತಿದ್ದಿಲ್ಲ ನಾ. ‘ಸಾಕು, ಇಳಿಯವಾ’ ಅಂತ ನಮ್ಮ ಗುರುಗಳು ಬೈತಿದ್ರು. ಈ ರೋಗ ಬಂದ ಮ್ಯಾಲೆ ಹಾಡೋದು ಬಿಟ್ಟೇಬಿಡಬೇಕಂತ ಮಾಡಿದ್ದೆ. ಆಮ್ಯಾಲೆ, ಇದ್ದ ಉಸಿರಿನ್ಯಾಗ ಎಷ್ಟು ಹಾಡಾಕ ಬರ್ತೈತಿ ನೋಡೋಣಂತ ಒಂದು ದಾರಿ ಮಾಡ್ಕೊಂಡೆ. ಜನ ಅದನ್ನ ಮೆಚ್ಚಿದ್ರು. ನಾನೂ ಸುಮ್ಮನಾದೆ. ನಿನ್ನ ಎದಿ ಗಟ್ಟಿ ಐತಿ. ನಿಂಗ್ಯಾಕ ಬೇಕು ಅದು?”

“ಇನ್ನು ನಿಲ್ಲಂಗಿಲ್ರಿ. ನಾಳೆಯಿಂದ ಸರಿ ಹಾಡ್ತೀನಿ.”

“ನಾಳೆ ಬರಬ್ಯಾಡ. ದೀಪಾವಳಿ ಮುಗಿಯೋ ತನಕ ಬರಬ್ಯಾಡ. ನಿನ್ನ ಫೋನ್ಯಾಗ ನನ್ನ ಹಾಡು ಅದಾವಲ್ಲ, ಅವನ್ನೂ ಕೇಳಬ್ಯಾಡ. ದಿನಾ ಹಾಡು, ಒಬ್ಬಾಕೀನ ಹಾಡು. ನಾ ಎದುರಿಗಿದ್ರ ನೀ ನನ್ನ ಬಾಯೇ ನೋಡ್ತಿ.”

ನಾನು ಮೆಟ್ಟಿಲಿಳಿಯುವಾಗಲೇ ಅಳಲು ಶುರುಮಾಡಿದ್ದೆ. ಯಜಮಾನರು ಹಿಂದೆಯೇ ಬಂದು ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ನಡೆದರು. “ಸಿಟ್ಟು ಮಾಡ್ಕೋಬ್ಯಾಡವ್ವ,” ಅಂದರು. “ನಿನ್ನೆ ಮಠದಿಂದ ಬಂದಾಗಿಂದ ಆಕಿ ಊಟಾನೂ ಮಾಡಿಲ್ಲ. ಹುಡುಗೀನ ಕೆಡಿಸಿದೆ, ಹುಡುಗೀನ ಕೆಡಿಸಿದೆ ಅಂತ ಒಂದ ಸವನ ಅಂದ್ಕೊಂತ ಕುಂತಿದ್ಲು.” ನನಗೆ ಸಮಾಧಾನವೇನೂ ಆಗಲಿಲ್ಲ. ಮನೆಗೆ ಹೋಗಿ, ಅಕ್ಕೋರಿಗೆ ಆರಾಮಿಲ್ಲ, ಪಾಠಕ್ಕೆ ರಜೆ ಎಂದಷ್ಟೇ ಹೇಳಿದೆ.

ಆ ದಿನಗಳಲ್ಲೇ ಸಂಡೂರಿನಲ್ಲಿ ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಅವಳು ಅವ್ವನ ಅಕ್ಕ, ಮನೆಯಲ್ಲಿ ಬೇರೆ ಹೆಣ್ಣುಮಕ್ಕಳಿರಲಿಲ್ಲ. ಅವಳಿಗೆ ಅಡುಗೆ ಮಾಡಿಕೊಂಡು ಇರಲು ನನ್ನನ್ನು ಕಳಿಸಿದರು. ನಾನೂ ಕಂಪ್ಲಿಯಿಂದ ದೂರ ಹೋದರೆ ಸಾಕೆಂದು ಹೋದೆ.

ದೊಡ್ಡಮ್ಮನ ಮನೆಯ ಮುಂದಿನ ರಸ್ತೆಯಲ್ಲಿ ಅದಿರಿನ ಲಾರಿಗಳು ಓಡಾಡುತ್ತವೆ. ಬೆಳಿಗ್ಗೆ ಒರೆಸಿದ ಕಿಟಕಿ ಮಧ್ಯಾಹ್ನಕ್ಕೆ ಕೆಂಪಗಿರುತ್ತದೆ. ಒಣಗಿಸಿದ ಬಟ್ಟೆ ಕೊಡವಿಯೇ ಒಳಗೆ ತರಬೇಕು. ಮನೆಯ ಹಿಂದೆ ಮಾತ್ರ ಗುಡ್ಡ, ಮಳೆಗೆ ಹಸಿರಾಗಿ ನಿಂತಿತ್ತು. ನಾನು ಹಿತ್ತಲ ಕಡೆಯ ಕೋಣೆಯಲ್ಲಿ ಫೋನಿನ ತಂಬೂರಿ ಹಚ್ಚಿಕೊಂಡು ಬೆಳಿಗ್ಗೆ ಕೆಳಗಿನ ಷಡ್ಜ ಹಿಡಿದು ಕೂರುತ್ತಿದ್ದೆ, ಮಧ್ಯಾಹ್ನ ಭೀಮಪಲಾಸಿ. ದೊಡ್ಡಮ್ಮ ಪಡಸಾಲೆಯ ಮಂಚದ ಮೇಲೆ ಪ್ಲಾಸ್ಟರ್ ಹಾಕಿದ ಕಾಲು ಚಾಚಿಕೊಂಡು ಶೇಂಗಾ ಬಿಡಿಸುತ್ತಾ ಕೇಳುತ್ತಿದ್ದಳು.

“ಅದ್ಯಾಕಲೇ ನಿನ್ನ ಹಾಡು ಮುಂದಕ್ಕ ಹೋಗವಲ್ದು? ಅಲ್ಲೇ ಸಿಕ್ಕೊಂಡೈತಲ್ಲ,” ಎಂದು ಕೂಗಿ ಕೇಳಿದಳು ಒಂದು ದಿನ.

ಅವಳು ಹೇಳಿದ್ದು ತಮಾಷೆಗೆ. ನನಗೆ ಮಾತ್ರ ಅಳು ಬಂತು, ಯಾಕೆಂದರೆ ನಿಜವಾಗಿಯೂ ಅಲ್ಲೇ ಸಿಕ್ಕಿಕೊಂಡಿತ್ತು. ನಿಷಾದಕ್ಕೆ ಬಂದರೆ ಗಂಟಲು ತಾನಾಗಿ ಮುಚ್ಚುತ್ತಿತ್ತು, ಉಸಿರು ಎದೆ ತುಂಬಾ ಇದ್ದರೂ. ಬೇಕೆಂದೇ ನಿಲ್ಲದೆ ಹೋದರೆ ಷಡ್ಜ ಹಳೆಯ ಭಜನೆಯ ಕೂಗಾಗಿ ಬರುತ್ತಿತ್ತು. ಗಿರಣಿ ಮನೆಯ ಕೂಗು ಒಂದು, ಅಕ್ಕೋರ ಉಬ್ಬಸ ಒಂದು. ಎರಡನ್ನೂ ಬಿಟ್ಟರೆ ನನ್ನದು ಅನ್ನುವುದು ಏನೂ ಕಾಣುತ್ತಿರಲಿಲ್ಲ. ಹಾಡುವುದನ್ನು ಬಿಟ್ಟು ಬಿ.ಎಡ್. ಮಾಡಬೇಕೆಂದು ಯೋಚಿಸಿದ್ದೂ ಉಂಟು. ಫೋನಿನಲ್ಲಿದ್ದ ಅಕ್ಕೋರ ಹಾಡುಗಳನ್ನು ಕೇಳಬೇಕೆಂದು ಕೈ ಹೋಗುತ್ತಿತ್ತು, ಕೇಳಲಿಲ್ಲ.

ದಸರೆಯ ಹೊತ್ತಿಗೆ ದೊಡ್ಡಮ್ಮನಿಗೆ ಕಾಲಿನ ನೋವು ಹೆಚ್ಚಾಗಿ ರಾತ್ರಿ ನಿದ್ದೆ ಇಲ್ಲದಂತಾಯಿತು. ಒಂದು ಮಧ್ಯಾಹ್ನ ಮಾತ್ರೆ ನುಂಗಿ, ಉಂಡು, ಹಾಗೇ ಕಣ್ಣು ಮುಚ್ಚಿದಳು. ಎಷ್ಟೋ ದಿನದ ಮೇಲೆ ಬಂದ ನಿದ್ದೆ. ಅವಳನ್ನು ಎಬ್ಬಿಸಬಾರದೆಂದು ನಾನು ಕೋಣೆಯ ಬಾಗಿಲು ಮುಂದೆ ಮಾಡಿ, ತಂಬೂರಿಯ ಸದ್ದು ತಗ್ಗಿಸಿ, ನನಗಷ್ಟೇ ಕೇಳುವ ಹಾಗೆ ಹಾಡತೊಡಗಿದೆ. ಹುಟ್ಟಿದಾಗಿನಿಂದ ಅಷ್ಟು ಮೆಲ್ಲಗೆ ನಾನು ಹಾಡಿರಲಿಲ್ಲ. ನನ್ನ ಗಮನವೆಲ್ಲ ಪಡಸಾಲೆಯ ಕಡೆಗಿತ್ತು, ಅವಳ ಗೊರಕೆ ಕೇಳುತ್ತಿದೆಯೋ ಇಲ್ಲವೋ ಎಂದು. ಹಾಗೆ ಹಾಡುತ್ತಾ ಮೇಲೆ ಹೋಗಿ, ಷಡ್ಜದಲ್ಲಿ ಸ್ವಲ್ಪ ಹೊತ್ತು ಇದ್ದು, ಕೆಳಗಿಳಿದು ಬಂದ ಮೇಲೆ ತಿಳಿಯಿತು, ನಾನು ಎಲ್ಲೂ ನಿಂತಿರಲಿಲ್ಲ. ಕೂಗಿಯೂ ಇರಲಿಲ್ಲ.

ಗಡಿಬಿಡಿಯಲ್ಲಿ ಮತ್ತೆ ಹಾಡಿದೆ. ಬರಲಿಲ್ಲ. ಮತ್ತೆ ಗಂಟಲು ಹಿಡಿಯಿತು. ಮಾರನೇ ದಿನ ಬಂತು, ಅದರ ಮಾರನೇ ದಿನ ಹೋಯಿತು. ಹೀಗೆ ಬಂದು ಹೋಗಿ ಮಾಡುತ್ತಾ ನಿಧಾನಕ್ಕೆ ಗಂಟಲಲ್ಲಿ ನೆಲೆಯಾಯಿತು. ಏರುವುದಕ್ಕಿಂತ ಇಳಿಯುವುದು ನನಗೆ ಇಷ್ಟ ಎಂದು ಗೊತ್ತಾದದ್ದೂ ಆಗಲೇ. ಮೇಲಿನ ಷಡ್ಜದಿಂದ ಮಧ್ಯಮದ ತನಕ ಒಂದೇ ಉಸಿರಿನಲ್ಲಿ, ಸ್ವರಗಳ ನಡುವೆ ಗೆರೆ ಕಡಿಯದ ಹಾಗೆ ಇಳಿದು ಬರುತ್ತಿದ್ದೆ. ಅಕ್ಕೋರು ಹಾಗೆ ಇಳಿದದ್ದನ್ನು ನಾನು ಕೇಳಿರಲಿಲ್ಲ, ಅವರ ಉಸಿರಿಗೆ ಅದು ದಕ್ಕುತ್ತಿರಲಿಲ್ಲ. ಯಾರೂ ಹೇಳಿಕೊಡದ್ದನ್ನು ಹಾಡುತ್ತಿದ್ದೇನೆ ಎಂದು ಮೊದಮೊದಲು ಅಳುಕಾಗುತ್ತಿತ್ತು.

ದೀಪಾವಳಿ ಮುಗಿಸಿ, ದೊಡ್ಡಮ್ಮ ಕೋಲು ಹಿಡಿದು ನಡೆಯುವಂತಾದ ಮೇಲೆ, ಅವಳು ಕಟ್ಟಿಕೊಟ್ಟ ಕರಜಿಕಾಯಿ ಡಬ್ಬಿ ಹಿಡಿದುಕೊಂಡು ಸಂಡೂರಿನಿಂದ ನೇರ ಅಕ್ಕೋರ ಮನೆಗೆ ಹೋದೆ. ಬಾಗಿಲು ತೆಗೆದ ಯಜಮಾನರು ನನ್ನನ್ನು ನೋಡಿ ಒಳಗೆ ತಿರುಗಿ, “ಬಂದ್ಲು,” ಅಂದರು. ಅಕ್ಕೋರು ಹೇಗಿದ್ದೀ ಎಂದೂ ಕೇಳಲಿಲ್ಲ. “ಕುಂದ್ರು. ಹಾಡು,” ಅಂದರು.

ಕಣ್ಣು ಮುಚ್ಚಿಕೊಂಡು ಹಾಡಿದೆ. ಅವರ ಮುಖ ನೋಡಿದರೆ ಕೆಡುತ್ತದೆಂದು ಹೆದರಿಕೆಯಿತ್ತು. ಮಧ್ಯಮದಲ್ಲಿ ಬೇಕಾದಷ್ಟು ಹೊತ್ತು ಇದ್ದು, ನಿಷಾದ ದಾಟಿ, ಷಡ್ಜಕ್ಕೆ ಹೋದೆ. ಇಳಿದು ಬಂದೆ. ಕಣ್ಣು ತೆರೆದಾಗ ಅಕ್ಕೋರು ತಲೆ ಒಂದು ಕಡೆ ವಾಲಿಸಿಕೊಂಡು ನೆಲ ನೋಡುತ್ತಿದ್ದರು.

“ಇಳೀಬೇಕಾದ್ರ ಗಾಂಧಾರ ಏರೈತಿ. ಒಂಚೂರು ತಗ್ಗಸು.”

ತಗ್ಗಿಸಿ ಹಾಡಿದೆ.

“ಹಾಂ. ಇನ್ನೊಮ್ಮೆ.”

ಕತ್ತಲಾಗುವ ತನಕ ಹಾಗೇ ಹಾಡಿಸಿದರು. ನಿಷಾದದ ಮಾತೇ ಎತ್ತಲಿಲ್ಲ. ಹೊರಡುವಾಗ ನಾನೇ ತಡೆಯಲಾರದೆ, “ಸರಿ ಐತೇನ್ರಿ ಅಕ್ಕೋರೇ?” ಎಂದು ಕೇಳಿದೆ.

“ನಿನ್ನ ಧ್ವನಿ ಹೆಂಗೈತಿ ಅಂತ ಇವತ್ತು ಗೊತ್ತಾತು ನಂಗ,” ಅಂದರು. “ಇನ್ನ ಕಲಸಾಕ ಹುರುಪು ಬಂತು ನೋಡು.”

ಅಲ್ಲಿಂದ ಪಾಠದ ರೀತಿಯೇ ಬದಲಾಯಿತು. ಅವರು ಹಾಡಿ ತೋರಿಸುವುದನ್ನು ಬಹುಮಟ್ಟಿಗೆ ಬಿಟ್ಟರು. ಮಾತಿನಲ್ಲಿ ಹೇಳುತ್ತಿದ್ದರು, ಕೈಯಲ್ಲಿ ತೋರಿಸುತ್ತಿದ್ದರು, ನಾನು ಹಾಡಿದ್ದರಲ್ಲಿ ಒಂದನ್ನು ಇಟ್ಟುಕೊಂಡು ಒಂದನ್ನು ಬಿಡಿಸುತ್ತಿದ್ದರು. ಮೊದಲಿಗಿಂತ ಇದು ಕಷ್ಟವಾಗಿತ್ತು. ಆಗ ಅವರ ಧ್ವನಿಯನ್ನು ಹಿಂಬಾಲಿಸಿದರೆ ಸಾಕಿತ್ತು. ಈಗ ಪ್ರತಿಯೊಂದಕ್ಕೂ ನಾನೇ ದಾರಿ ನೋಡಬೇಕಿತ್ತು.

ಒಂದೆರಡು ವರ್ಷದ ನಂತರ ಒಂದು ಚಳಿಗಾಲದ ಮಧ್ಯಾಹ್ನ, ಹೊಸಪೇಟೆಯ ಕೆಲವು ಸಂಗೀತದ ಹುಚ್ಚಿನವರು ಸೇರಿ ಹಂಪಿ ಬಜಾರಿನ ಒಂದು ಕಲ್ಲುಮಂಟಪದಲ್ಲಿ ನನ್ನ ಹಾಡು ಇಟ್ಟುಕೊಂಡರು. ಜಮಖಾನೆ ಹಾಸಿ ಕೂತವರು ನಮ್ಮವರೇ. ದಾರಿಹೋಕ ಪ್ರವಾಸಿಗರು ನಿಂತು ಕೇಳಿ ಮುಂದೆ ಹೋಗುತ್ತಿದ್ದರು. ತಬಲಾ ಕಾಕಾ ಮೈಕ್ ತಂದಿದ್ದರು, ಅಕ್ಕೋರು ಬೇಡವೆಂದರು. ನಾನು ಚೆನ್ನಾಗಿ ಹಾಡಿದೆ ಎಂದೇ ನನಗನ್ನಿಸಿತ್ತು. ಮುಗಿದ ಮೇಲೆ ಅಪ್ಪನ ಪರಿಚಯದ ಅಕ್ಕಿ ವ್ಯಾಪಾರಿಯೊಬ್ಬರು, ಮಠದಲ್ಲಿ ನನ್ನ ಹಾಡು ಕೇಳಿದ್ದವರು, ಅಪ್ಪನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು: “ಮೊದಲ ಥೇಟ್ ಅಕ್ಕೋರಂಗ ಹಾಡ್ತಿದ್ಲು, ಮನಸಿಗೆ ಹತ್ತತಿತ್ತು. ಈಗ ಯಾಕೋ ಬ್ಯಾರೆ ಆಗೈತಿ ಬಿಡ್ರಿ.”

ಅಪ್ಪನಿಗೆ ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗಲಿಲ್ಲ. ಗುಡಿಯ ಮುಂದಿನ ಚಹಾದಂಗಡಿಯಲ್ಲಿ ಅಕ್ಕೋರಿಗೆ ಕುರ್ಚಿ ಹಾಕಿಸಿ ಕೇಳಿಯೇಬಿಟ್ಟ.

“ಮಗಳು ದಾರಿ ತಪ್ಯಾಳೇನ್ರಿ ಅಕ್ಕೋರೇ?”

“ಇಲ್ರಿ. ಅವರು ಹೇಳಿದ್ದು ಖರೇನೇ ಐತಿ. ಬ್ಯಾರೆ ಆಗೈತಿ, ಇನ್ನೂ ಹಣ್ಣಾಗಿಲ್ಲ. ಒಂದು ಹತ್ತು ವರ್ಷ ತಡೀರಿ.”

“ಹತ್ತು ವರ್ಷಾ?”

ಅಪ್ಪನ ಗಿರಣಿ ಗಂಟಲಿಗೆ ಪಕ್ಕದ ಅಂಗಡಿಯವರೂ ತಿರುಗಿ ನೋಡಿದರು. ಅಕ್ಕೋರು ಚಹಾ ಚೆಲ್ಲುವಷ್ಟು ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಚುಚ್ಚಿತ್ತು. ಅಕ್ಕೋರ ಹಾಗೆ ಹಾಡುತ್ತಿದ್ದಾಗ ಸಿಕ್ಕ ಹೊಗಳಿಕೆ ನನ್ನ ಹಾಗೆ ಹಾಡಿದಾಗ ಸಿಗಲಿಲ್ಲ. ಆ ಸಂಜೆ ಕಾರಿನಲ್ಲಿ ಕಂಪ್ಲಿಗೆ ಹೋಗುವಾಗ, ಬಸ್ಸಿನ ಕಿಟಕಿಗೆ ಒರಗಿ ತಾನೇ ಅಕ್ಕೋರು ಅಂದುಕೊಳ್ಳುತ್ತಿದ್ದ ಆ ಹುಡುಗಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಈಗ ನಾನು ಕಂಪ್ಲಿಯ ಒಂದು ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತೇನೆ. ವರ್ಷದಲ್ಲಿ ಅಲ್ಲಿ ಇಲ್ಲಿ ಹಾಡಲು ಕರೆಯುತ್ತಾರೆ, ಕೆಲವರಿಗೆ ಹಿಡಿಸುತ್ತದೆ. ಭಾನುವಾರ ಹೊಸಪೇಟೆಗೆ ಹೋಗುವುದನ್ನು ಬಿಟ್ಟಿಲ್ಲ. ಅಕ್ಕೋರು ಈಗ ಹಾಡುವುದೇ ಇಲ್ಲ. ಚಳಿ ಬಂದರೆ ಮಾತಾಡುವುದೂ ಕಮ್ಮಿ. ಶಿಷ್ಯರೆಂದು ನಾನೂ ಇನ್ನೊಬ್ಬ ಹುಡುಗಿಯೂ ಉಳಿದಿದ್ದೇವೆ.

ಕಳೆದ ತಿಂಗಳು ಹೋದಾಗ ಸೂರ್ಯ ಮುಳುಗುವ ಹೊತ್ತಾಗಿತ್ತು. ಅವತ್ತಿನ ಪಾಠ ಮುಗಿಯಿತೆಂದು ನಾನು ತಂಬೂರಿಗೆ ಗವಸು ಹಾಕುತ್ತಿದ್ದೆ.

“ತಡಿ,” ಅಂದರು. “ಈ ಹೊತ್ತಿನ ರಾಗ ಮಾರ್ವಾ ನಾ ನಿಂಗ ಹೇಳಿಕೊಟ್ಟೇ ಇಲ್ಲಲ್ಲ.”

“ಇಲ್ರಿ.”

“ಯಾಕಂದ್ರ ನಂಗ ಬರಂಗಿಲ್ಲ. ಆ ರಾಗದಾಗ ಷಡ್ಜ ಬಿಟ್ಟು ತಿರುಗಾಡಬೇಕು. ನಂಗ ಮನಿ ಬಿಟ್ಟು ಬಂದಂಗ ಆಗಿ ದಿಗಿಲಾಗ್ತಿತ್ತು. ಗುರುಗಳು ಎಷ್ಟು ಹೇಳಿಕೊಟ್ರೂ ಒಲೀಲೇ ಇಲ್ಲ ಅದು.” ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. “ಅವರು ಹೇಳಿದ್ದು ನೆನಪೈತಿ. ನಾ ಹೇಳ್ತೀನಿ, ನೀ ಹಾಡಿ ನೋಡು. ಇಬ್ರೂ ಕೂಡಿ ಹುಡುಕೋಣು.”

ಗವಸು ಮತ್ತೆ ತೆಗೆದೆ. ಅವರು ಪಿಸುಮಾತಿನಲ್ಲಿ ಸ್ವರ ಹೇಳಿದರು, ನಾನು ಹಾಡಿದೆ. ಅಲ್ಲ ಎಂದು ತಲೆಯಾಡಿಸಿದರು. ರಿಷಭವನ್ನು ಇನ್ನೂ ಕೆಳಗಿಟ್ಟು ಹಾಡಿದೆ. “ಹತ್ರ ಬಂತು,” ಅಂದರು, ಕಣ್ಣು ಮುಚ್ಚಿ ಏನೋ ನೆನಪಿಸಿಕೊಂಡು, “ಇಲ್ಲ, ಹಂಗಲ್ಲ,” ಅಂದರು. ಯಜಮಾನರು ಬಾಗಿಲಿಗೆ ಬಂದು, ಹುಡುಗಿಯ ಬಸ್ಸಿಗೆ ಹೊತ್ತಾಯಿತು ಎಂದು ನೆನಪು ಮಾಡಿದರು.

“ಮುಂದಿನ ಬಸ್ಸಿಗೆ ಹೋಗ್ತಾಳ ತಗೋರಿ,” ಅಂದು ಅಕ್ಕೋರು ನನ್ನ ಕಡೆ ತಿರುಗಿದರು. ನಾನು ಮತ್ತೆ ರಿಷಭದಿಂದ ಶುರು ಮಾಡಿದೆ.